ದೊಡ್ಡ ಕಾರ್ಡು

ಶ್ರೀಧರನಿಗೆ ಇಪ್ಪತ್ತೆಂಟು ವರ್ಷ. ಹೊಸಕೋಟೆಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ಹಗಲೆಲ್ಲ ರಟ್ಟಿನ ಡಬ್ಬ ಎಣಿಸಿ, ಸಂಜೆ ಹಳ್ಳಿಗೆ ಬಂದು ಕಂಪ್ಯೂಟರಿನಲ್ಲಿ ರಾಜ್ಯ ಗೆಲ್ಲುತ್ತಿದ್ದ. ಆದರೆ ಈಚೆಗೆ ಒಂದು ಹೊಸ ಆಟ ಅವನ ಮಾನ ಕಳೆಯತೊಡಗಿತ್ತು. ಯುದ್ಧ ಜೋರಾಗುತ್ತಿದ್ದಂತೆ ಪರದೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಮತ್ತೆ ಕದಲುವಷ್ಟರಲ್ಲಿ ಇವನ ಹೆಣ ಬಿದ್ದಿರುತ್ತಿತ್ತು. ಜೊತೆಗೆ ಆಡುವವರು, "ಗುರು, ನಿಂದು ಕಂಪ್ಯೂಟರಾ, ಎತ್ತಿನ ಗಾಡೀನಾ?" ಎಂದು ಕಿಚಾಯಿಸುತ್ತಿದ್ದರು. ತಡೆಯಲಾರದೆ ಒಂದು ಶನಿವಾರ ಪರದೆಯ ಚಿತ್ರ ಸರಾಗವಾಗಿ ಓಡಿಸುವ ಎಂಬತ್ತು ಸಾವಿರದ ಗ್ರಾಫಿಕ್ಸ್ ಕಾರ್ಡು ಕೊಂಡ. ಅಪ್ಪನಿಗೆ ಹೇಳಲಿಲ್ಲ.

ಕಂಪ್ಯೂಟರನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೊಸಕೋಟೆ ಬಸ್ ಸ್ಟ್ಯಾಂಡಿನ ಎದುರಿರುವ ಕೆಂಪರಾಜನ ರಿಪೇರಿ ಅಂಗಡಿಗೆ ಒಯ್ದ. ಕೆಂಪರಾಜ ಮೂರು ಫ್ಯಾನಿನ ಆ ಹೊಸ ಕಾರ್ಡನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. ಆಮೇಲೆ ಕಂಪ್ಯೂಟರಿನ ಹಳೇ ಡಬ್ಬದೊಳಕ್ಕೆ ಇಣುಕಿ ನಕ್ಕ.

"ಇದು ಇದ್ರೊಳಗೆ ಕೂರಲ್ಲ ಕಣೋ. ಕಾರ್ಡು ಉದ್ದ, ಡಬ್ಬ ಗಿಡ್ಡ. ಡಬ್ಬ ಬದಲಾಯ್ಸು. ಇನ್ನ ನಿನ್ ಪವರ್ ಸಪ್ಲೈ ನಾನೂರೈವತ್ತು ವಾಟು. ಇದಕ್ಕೆ ಏಳ್ನೂರೈವತ್ತಾದ್ರೂ ಬೇಕು."

"ಹಾಕು."

"ಅದಾದ್ಮೇಲೆ ಮದರ್‌ಬೋರ್ಡೂ ಪ್ರೊಸೆಸರ್ರೂ..."

"ಹಾಕು ಅಂದ್ನಲ್ಲಪ್ಪಾ!"

ಗುಂಡಿಗೆ ತಕ್ಕ ಅಂಗಿ ಹೊಲಿಸುವುದು ಎಂದರೆ ಇದೇ. ಹಳೇ ಕಾರ್ಡನ್ನು ಕೆಂಪರಾಜನೇ ಇಟ್ಟುಕೊಂಡು ಬಿಲ್ಲಿನಲ್ಲಿ ಒಂದಿಷ್ಟು ಮುರಿದುಕೊಳ್ಳುವುದೆಂದು ಮಾತಾಯಿತು. ಅಷ್ಟರಲ್ಲಿ ಶ್ರೀಧರನ ಫೋನ್ ಬಡಿದುಕೊಂಡಿತು. ಅವನ ತಾಯಿ ಆದಿಲಕ್ಷ್ಮಮ್ಮ.

ಆಕೆ ಆಗ ಊರಿನ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಈ ಮನೆಯ ಬಿಪಿಎಲ್ ಕಾರ್ಡಿನ ವಿಷಯ ಇಲ್ಲಿ ಹೇಳಲೇಬೇಕು. ಶ್ರೀಧರನ ಅಪ್ಪ ಆದಿನಾರಾಯಣಪ್ಪನವರಿಗೆ ಮೂರು ಅಂತಸ್ತಿನ ಮನೆ, ಬಾಡಿಗೆಗೆ ಕೊಟ್ಟ ಎರಡು ಗೋದಾಮು, ಒಂದು ಬಿಳೀ ಕಾರು ಇವೆ. ಸರ್ಕಾರದ ಕಡತದಲ್ಲಿ ಮಾತ್ರ ಅವರು ಇವತ್ತಿಗೂ ಕೂಲಿ. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿ. ತಿಂಗಳು ತಿಂಗಳು ಬರುವ ಅಕ್ಕಿಯನ್ನು ಮನೆಯಲ್ಲಿ ಕೋಳಿಗಳು ತಿನ್ನುತ್ತಿದ್ದವು, ಮನುಷ್ಯರು ಸೋನಾ ಮಸೂರಿ ಉಣ್ಣುತ್ತಿದ್ದರು. ಕಾರ್ಡು ಮಾತ್ರ ದೇವರ ಕೋಣೆಯಲ್ಲಿ ಜಮೀನಿನ ಪತ್ರಗಳ ಜೊತೆಗಿತ್ತು. ಅಂಗಡಿಗೆ ಅದರ ನಂಬರಷ್ಟೇ ಹೋಗುತ್ತಿತ್ತು. ಅದು ಹೋದರೆ ತಮ್ಮ ಅರ್ಧ ಪ್ರಾಣ ಹೋದಂತೆ ಎಂದು ಆದಿನಾರಾಯಣಪ್ಪ ನಂಬಿದ್ದರು.

ಅವತ್ತು ಅಂಗಡಿಯವನು ಮಗನ ಬೆರಳಚ್ಚು ಬಾಕಿಯಿದೆ ಎಂದಿದ್ದ. ಆದಿಲಕ್ಷ್ಮಮ್ಮನಿಗೆ ಫೋನಿನಲ್ಲಿ ಸ್ಪೀಕರ್ ಒತ್ತುವುದು ಗೊತ್ತು, ಆರಿಸುವುದು ಗೊತ್ತಿಲ್ಲ.

"ಲೋ ಸಿರೀ, ಕಾರ್ಡಿಗೆ ನಿನ್ ಬೆರಳು ಒತ್ಬೇಕಂತೆ, ಬೇಗ ಬಾರೋ," ಎಂದರು.

ಬಸ್ಸುಗಳ ಹಾರನ್ನಿನ ನಡುವೆ ಶ್ರೀಧರನ ಕಿವಿಗೆ ಬಿದ್ದದ್ದು 'ಕಾರ್ಡು' ಎಂಬ ಒಂದೇ ಮಾತು. ಗುಟ್ಟು ರಟ್ಟಾಯಿತೆಂದುಕೊಂಡು ಅವನು ಕಿರುಚಿದ:

"ಗೊತ್ತಾಗೋಯ್ತಾ? ಹ್ಞೂಂ ಕಣಮ್ಮಾ, ಹಳೇ ಕಾರ್ಡು ವಾಪಸ್ ಕೊಟ್ಬಿಟ್ಟೆ! ದೊಡ್ಡ ಕಾರ್ಡ್ ತಗೊಂಡೆ. ಎಷ್ಟು ದಿನಾಂತ ಆ ದರಿದ್ರ ಕಾರ್ಡಲ್ಲಿ ಮಾನ ಕಳ್ಕೊಳ್ಳೋದು? ಇಲ್ದೇ ಇರೋರು ಯಾರಾದ್ರೂ ಇಟ್ಕೊಳ್ಳಲಿ ಬಿಡು!"

ಸ್ಪೀಕರಿನಲ್ಲಿ ಬಂದ ಈ ಮಾತನ್ನು ಸಾಲಿನಲ್ಲಿದ್ದ ನಲವತ್ತು ಜನ ಕೇಳಿಸಿಕೊಂಡರು. ಅವರಲ್ಲಿ ಪಂಚಾಯ್ತಿ ಮೆಂಬರ್ ಮನೋಹರನೂ ಒಬ್ಬ. ಆದಿನಾರಾಯಣಪ್ಪನವರನ್ನು ಕಂಡರೆ ಅವನಿಗೆ ಹತ್ತು ವರ್ಷದಿಂದ ಆಗದು. ಎಂಥಾ ರಸಗವಳ ಬಾಯಿಗೆ ಬಿದ್ದಿತೆಂದು ಅವನಿಗೆ ತಕ್ಷಣ ಹೊಳೆಯಿತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಕೂಡಲೇ ಹಾಕಿದ: 'ಬಡವರಿಗಾಗಿ ಸ್ವಇಚ್ಛೆಯಿಂದ ಬಿಪಿಎಲ್ ಕಾರ್ಡ್ ತ್ಯಜಿಸಿದ ಶ್ರೀ ಆದಿನಾರಾಯಣಪ್ಪನವರಿಗೆ ಸೋಮವಾರ ಸಮುದಾಯ ಭವನದಲ್ಲಿ ಸನ್ಮಾನ. ತಾಲ್ಲೂಕಿನಿಂದ ಅಧಿಕಾರಿಗಳು ಬರುತ್ತಾರೆ.' ಕೈ ಮುಗಿದ ಚಿತ್ರಗಳು ನೂರು ಬಂದವು.

ಶ್ರೀಧರ ಹೊಸ ಡಬ್ಬ ಹೊತ್ತು ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೆಂಡವಾಗಿ ಕೂತಿದ್ದರು. ಮಗ ನಡೆದದ್ದೆಲ್ಲ ಹೇಳಿದ. ಕೊನೆಗೆ, "ಎಲ್ರಿಗೂ ನಿಜ ಹೇಳ್ಬಿಡ್ತೀನಿ ಬಿಡಪ್ಪಾ, ಅದು ರೇಷನ್ ಕಾರ್ಡಲ್ಲ, ಆಟದ ಕಾರ್ಡು ಅಂತ," ಎಂದ.

"ಹೇಳು! ಎಂಬತ್ತು ಸಾವ್ರ ಕೊಟ್ಟು ಆಟದ ಸಾಮಾನ್ ತಂದ ಮನೆಗೆ ಬಿಪಿಎಲ್ ಯಾಕೆ ಅಂತಾರೆ. ಅಲ್ಲೂ ಹೋಯ್ತು, ಇಲ್ಲೂ ಹೋಯ್ತು. ಹಂಗ್ ಹೋದ್ರೆ ಕಳ್ಳ ಅಂತಾರೆ, ಹಿಂಗ್ ಹೋದ್ರೆ ಶಾಲಾದ್ರೂ ಹೊದಿಸ್ತಾರೆ," ಎಂದು ಆದಿನಾರಾಯಣಪ್ಪ ಹಲ್ಲು ಕಡಿದರು. ಅವರ ಕಣ್ಣಲ್ಲಿ ನೀರೇ ಬಂತು. ಅಜ್ಜಿ ಸತ್ತಾಗಲೂ ಅಪ್ಪ ಹೀಗೆ ಅತ್ತದ್ದನ್ನು ಶ್ರೀಧರ ಕಂಡಿರಲಿಲ್ಲ. ಅವನಿಗೆ ಪಾಪ ಎನಿಸಿತು. ಕೋಳಿಗಳ ನೆನಪಾದಾಗ ನಗುವೂ ಬಂತು.

ಸೋಮವಾರ ಸಮುದಾಯ ಭವನ ತುಂಬಿತ್ತು. ಆದಿನಾರಾಯಣಪ್ಪನವರ ತಲೆಗೆ ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು. ಅಧಿಕಾರಿ ಕೈ ಚಾಚಿದರು. ಆದಿನಾರಾಯಣಪ್ಪ ಜೇಬಿನಿಂದ ಕಾರ್ಡು ತೆಗೆದು, ಹೆಣ್ಣು ಒಪ್ಪಿಸುವ ತಂದೆಯಂತೆ ಕೊಟ್ಟರು. ಮನೋಹರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆ ಕೇಳಿದ್ದೇ ಅಪ್ಪನ ಮುಖ ಬದಲಾದದ್ದನ್ನು ಶ್ರೀಧರ ಕಂಡ. ಅವರು ಮೈಕು ಹಿಡಿದುಕೊಂಡರು.

"ಈ ಬುದ್ಧಿ ನನಗೆ ಬಂದಿದ್ದು ಮನೋಹರನಿಂದ. ಎರಡು ಟ್ರಾಕ್ಟರ್ ಇಟ್ಕೊಂಡು ಬಿಪಿಎಲ್ ಕಾರ್ಡ್ ಯಾಕಣ್ಣ, ನಾನೂ ಕೊಟ್ಬಿಡ್ತೀನಿ ಅಂದಿದಾನೆ. ಬಾರಪ್ಪಾ, ಸ್ಟೇಜಿಗೆ ಬಾ!"

ಮನೋಹರನ ಚಪ್ಪಾಳೆ ನಿಂತಿತು. ಇಲ್ಲ ಎನ್ನುವಂತಿಲ್ಲ, ಆದಿನಾರಾಯಣಪ್ಪನವರ ಪಕ್ಕದಲ್ಲೇ ಅಧಿಕಾರಿ ಪೆನ್ನು ತೆಗೆದಿದ್ದರು. ಸ್ಟೇಜು ಹತ್ತಿ ಅವನೂ ಮೈಕು ತಗೊಂಡ. "ನಾನೊಬ್ನೇ ಅಲ್ಲ. ನಮ್ಮ ಡೈರಿ ಅಧ್ಯಕ್ಷರು ಭೀಮರಾಜಣ್ಣನೂ ಕೊಡ್ತಾರೆ. ಹೊಸಕೋಟೇಲಿ ಅವರದು ನಾಲ್ಕು ಅಂಗಡಿ ಐತೆ," ಎಂದ. ಭೀಮರಾಜ ಎದ್ದು, ತನಗಿಂತ ಮೊದಲು ಕೊಡಬೇಕಾದವರು ಇನ್ನೂ ಮೂವರು ಇದ್ದಾರೆಂದು ಹೆಸರು ಹಿಡಿದು ಕೂಗಿದ. ಅಧಿಕಾರಿ ಬರೆದುಕೊಳ್ಳುತ್ತಲೇ ಹೋದರು.

ಆಗ ಹಿಂದಿನ ಸಾಲಿನಲ್ಲಿ ಯಾರಿಗೋ ಹಸುವಿನ ನೆನಪಾಯಿತು. ಇನ್ನೊಬ್ಬರಿಗೆ ಒಲೆಯ ಮೇಲಿಟ್ಟ ಹಾಲಿನ ನೆನಪು. ತಮ್ಮ ಹೆಸರು ಬರುವುದರೊಳಗೆ ಬಾಗಿಲು ಸೇರಬೇಕೆಂದು ಜನ ಒಬ್ಬರನ್ನೊಬ್ಬರು ತಳ್ಳಾಡಿದರು. ಹೊರಗೆ ಚಪ್ಪಲಿಗಳು ಅದಲುಬದಲಾದವು. ಲಾಡು ಹಂಚುವವನು ತಟ್ಟೆ ಹಿಡಿದು ಪೆಚ್ಚಾಗಿ ನಿಂತ.

ಶ್ರೀಧರ ಸುತ್ತಲೂ ನೋಡಿದ. ಇನ್ನೂರು ಕುರ್ಚಿಗಳ ನಡುವೆ ಒಬ್ಬಳೇ ಒಬ್ಬಳು ಕೂತಿದ್ದಳು, ಕೂಲಿ ಮಾಡುವ ಗಂಗಲಕ್ಷ್ಮಮ್ಮ. ಅವಳ ಹೆಸರಿನಲ್ಲಿ ಕಾರು ಇದೆಯೆಂದು ಸರ್ಕಾರದ ಕಂಪ್ಯೂಟರು ತೋರಿಸಿ, ಕಳೆದ ವರ್ಷವೇ ಅವಳ ಕಾರ್ಡು ರದ್ದಾಗಿತ್ತು. ಸೈಕಲ್ಲೂ ಇಲ್ಲದವಳಿಗೆ ಕಾರು ಎಲ್ಲಿಂದ ಬಂತೆಂದು ಈವರೆಗೆ ಯಾರೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲವೆಂದು ಶ್ರೀಧರನಿಗೆ ನಾಚಿಕೆಯಾಯಿತು.

ಗಂಗಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಎದ್ದು ಸ್ಟೇಜಿನ ಹತ್ತಿರ ಬಂದಳು.

"ಎಲ್ರೂ ಹೋದ್ರಲ್ಲ ಸ್ವಾಮಿ," ಎಂದಳು. "ಈಗ್ಲಾದ್ರೂ ನನ್ ಕಾರ್ಡಿನ ಮಾತಾಡಾನಾ?"