ದೀಪ ದೊಡ್ಡದು ಮಾಡು

ಶಿರಹಟ್ಟಿ ಸೀಮೆ ಸಂಸ್ಥಾನದ ಕೈಬಿಟ್ಟು ಮುಂಬೈ ಪ್ರಾಂತಕ್ಕೆ ಸೇರಿದ ವರ್ಷವದು. ಬಸ್ಸಿನ ಡ್ರೈವರ್ ಗಾಳೆಪ್ಪ ಗದಗಿನಿಂದ ಶಿರಹಟ್ಟಿಗೆ ಹೊರಟಾಗಲೇ ಹೊತ್ತು ಮುಳುಗಿತ್ತು. ಬೆಳಗಿನಿಂದ ಸ್ಟೇರಿಂಗ್ ತಿರುವಿ ತಿರುವಿ ಅವನ ಹೆಗಲು ಸೋತುಹೋಗಿದ್ದವು. ಹೊತ್ತು ಮುಳುಗಿ ಅರ್ಧ ತಾಸಿಗೆ ಗಾಡಿಯ ದೀಪ ಹಚ್ಚಲೇಬೇಕು, ಇಲ್ಲದಿದ್ದರೆ ಲೈಸನ್ಸ್ ಹೋಗುತ್ತದೆ ಎಂಬ ಕಾಯ್ದೆ ನೆನೆದು ಅವನು ದೀಪ ಹಚ್ಚಿದ. ಹಿಂದೆ ಕೂತಿದ್ದ ದೇವವ್ವ ಮುದುಕಿ ರೂಢಿಯಂತೆ ಆ ದೀಪಕ್ಕೂ ಕೈಮುಗಿದಳು.

ಶಿರಹಟ್ಟಿ ಊರ ಹೊರಗೆ ಹೊಸ ಪೊಲೀಸ್ ಫೌಜದಾರರು ಕೈ ಅಡ್ಡ ಮಾಡಿದರು. ಪುಣೆ ಕಡೆಯವರು, ಈಗಷ್ಟೇ ಕನ್ನಡ ಕಲಿಯುತ್ತಿದ್ದರು. ಬ್ಯಾಟರಿ ಸೋತು ದೀಪ ಮಿಣಿಮಿಣಿ ಅನ್ನುತ್ತಿತ್ತು.

"ದೀಪ ದೊಡ್ಡದು ಮಾಡು!" ಅಂದರು.

ಗಾಳೆಪ್ಪ ತಟ್ಟನೆ ಆರಿಸಿಬಿಟ್ಟ.

"ಏ, ಚೇಷ್ಟೆ ಮಾಡ್ತಿ? ಲೈಸನ್ಸ್ ತಾ ಇಲ್ಲಿ!"

ಗಾಳೆಪ್ಪ ಲೈಸನ್ಸ್ ತೆಗೆದುಕೊಟ್ಟ. ಅದು ಹೋದರೆ ಮನೆಯ ಒಲೆ ಹತ್ತುವುದಿಲ್ಲ. "ನೀವ ಹೇಳಿದ್ರಲ್ರಿ, ಸಾಹೇಬ್ರ..."

ದೇವವ್ವ ಕಿಟಕಿಯಿಂದ ತಲೆ ಹೊರಹಾಕಿದಳು. "ಯಪ್ಪಾ, ದೀಪ ಆರಸು ಅಂತ ನಮ್ಮ ಬಾಯಾಗ ಬರಬಾರದ್ರಿ. ಅದಕ್ಕ ದೊಡ್ಡದು ಮಾಡು ಅಂತೀವಿ. ಅಂವ ನಿಮ್ಮ ಮಾತ ಕೇಳ್ಯಾನ, ತಪ್ಪೇನೈತಿ?"

ಫೌಜದಾರರು ಕತ್ತಲಲ್ಲೇ ಲೈಸನ್ಸ್ ಮರಳಿ ಚಾಚಿದರು.

"ಹಚ್ಚು. ಮನಿ ಮುಟ್ಟೂತನಕ ಯಾರು ಹೇಳಿದ್ರೂ ದೊಡ್ಡದು ಮಾಡಬ್ಯಾಡ."

ಬಸ್ಸಿನ ತುಂಬ ನಗೆ ಎದ್ದಿತು. ಗಾಳೆಪ್ಪನಿಗೆ ನಗಲಿಕ್ಕೂ ತ್ರಾಣವಿರಲಿಲ್ಲ. ಅವನು ದೀಪ ಹಚ್ಚಿ, ಗೇರ್ ಹಾಕಿದ.