ಗುರು ಕೂರಿಸಿದ ಮೋಟಾರು

ಗುರುವಿನ ಕೈಗೆ ಸ್ಕ್ರೂಡ್ರೈವರ್ ಕೊಡುವವರಿಗೆ ಮೊದಲು ಬುದ್ಧಿ ಹೇಳಬೇಕು ಎನ್ನುವುದು ಕವನಳ ಅಭಿಪ್ರಾಯವಾಗಿತ್ತು. ಗುರು ಅವಳ ಮೈದುನ. ದೇವನೂರಿನ ಮನೆಯಲ್ಲಿ ಅವನು ಬಿಚ್ಚಿದ ಮಿಕ್ಸಿ ಮತ್ತೆ ತಿರುಗಿರಲಿಲ್ಲ. ಅವನು ರಿಪೇರಿ ಮಾಡಿದ ಕಾಲಿಂಗ್ ಬೆಲ್ ಯಾರೂ ಒತ್ತದೆಯೇ ಬಡಿದುಕೊಳ್ಳುತ್ತಿತ್ತು. ಆದರೂ ಅತ್ತೆ ಮಹದೇವಮ್ಮನ ಪಾಲಿಗೆ ಚಿಕ್ಕಮಗನ ಮುಂದೆ ಎಂಜಿನಿಯರುಗಳೂ ಲೆಕ್ಕಕ್ಕಿಲ್ಲ. ಕವನ ಐಟಿಐನಲ್ಲಿ ಎಲೆಕ್ಟ್ರಿಕಲ್ ಓದಿ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಮೆಂಟೇನೆನ್ಸ್ ಕೆಲಸದಲ್ಲಿದ್ದಳು. ದಿನವಿಡೀ ಮೋಟಾರುಗಳ ಜೊತೆ ಹೆಣಗಿ ಬರುವವಳಿಗೆ, ಮೊಬೈಲಿನಲ್ಲಿ ವಿಡಿಯೊ ನೋಡಿ ವೈರಿಗೆ ಕೈ ಹಾಕುವ ಈ ಮನುಷ್ಯನನ್ನು ಕಂಡರೆ ಸಿಟ್ಟೂ ಬರುತ್ತಿರಲಿಲ್ಲ. ಬರೀ ಅಸಡ್ಡೆ.

ಬೇಸಿಗೆಯ ನಟ್ಟನಡುವೆ ಅವರ ಕಾರಿನ ಬ್ಲೋವರ್ ಕೆಟ್ಟಿತು. ಎಸಿ ಹಾಕಿದರೂ ಗಾಳಿ ತಳ್ಳುವ ಮೋಟಾರೇ ತಿರುಗದೆ ತಂಪು ಒಳಗೆ ಬರುತ್ತಿರಲಿಲ್ಲ. ಭಾನುವಾರ ತಿ. ನರಸೀಪುರದಲ್ಲಿ ಅತ್ತೆಯ ತಂಗಿ ಚಲುವಮ್ಮನ ಮೊಮ್ಮಗುವಿಗೆ ನಾಮಕರಣ. ಬಿಸಿಲಿಗೆ ತಲೆ ಸುತ್ತುವ ಅತ್ತೆಯನ್ನು ಬಸ್ಸಿನಲ್ಲಿ ಕರೆದೊಯ್ಯುವಂತಿರಲಿಲ್ಲ. ಮೋಟಾರನ್ನು ತಾನೇ ಬದಲಾಯಿಸುತ್ತೇನೆಂದು ಕವನ ಹೇಳಿದ್ದಳು. ಅವಳ ಗಂಡ ರಾಹುಲ್ ಮಾತ್ರ ಒಂದು ಮಾತೂ ಕೇಳದೆ ಕಾರನ್ನು ತಮ್ಮನಿಗೆ ಒಪ್ಪಿಸಿ ಡ್ಯೂಟಿಗೆ ಹೋಗಿಬಿಟ್ಟಿದ್ದ.

ಶನಿವಾರ ಕವನ ಬಸ್ಸಿಳಿದು ಬಂದಾಗ ಮನೆ ಮುಂದಿನ ಹೊಂಗೆ ಮರದಡಿ ಕಾರಿನ ಬಾಗಿಲುಗಳೆಲ್ಲ ತೆರೆದಿದ್ದವು. ಡ್ಯಾಶ್‌ಬೋರ್ಡಿನ ಡಬ್ಬಿ, ಸ್ಕ್ರೂಗಳು, ಕಪ್ಪು ಪ್ಲಾಸ್ಟಿಕ್ ಮುಚ್ಚಳಗಳು ಚಾಪೆಯ ತುಂಬ ಹರಡಿದ್ದವು. ಗುರುವಿನ ತಲೆ ಒಳಗೆ, ಕಾಲು ಹೊರಗೆ. ಅವನು ಹೊಸ ಮೋಟಾರು ಕೂರಿಸಿದ್ದ, ಅದು ತಿರುಗುತ್ತಿರಲಿಲ್ಲ. ಅಂಗಡಿಯವನು ಡಮ್ಮಿ ಮಾಲು ಕೊಟ್ಟಿದ್ದಾನೆ, ಹೋಗಿ ಅವನ ಮುಖಕ್ಕೆ ಎಸೆದು ಬರುತ್ತೇನೆ ಎಂದು ಹಾರಾಡಿದ. ಬ್ಯಾಟರಿಗೆ ನೇರವಾಗಿ ಕೊಟ್ಟು ನೋಡಿದೆಯಾ ಎಂದು ಕವನ ಕೇಳಿದಳು. ಅವನು ನೋಡಿರಲಿಲ್ಲ. ಅವಳು ಮೋಟಾರನ್ನು ಬಿಚ್ಚಿ, ಅದರ ಎರಡು ವೈರನ್ನೂ ಬ್ಯಾಟರಿಗೆ ತಾಗಿಸಿದಳು. ಗಿರ್ರೆಂದು ತಿರುಗಿತು.

"ಮೋಟ್ರು ನೆಟ್ಟಗೈತೆ. ಕೆಟ್ಟಿರೋದು ನಿನ್ನ ಕೈ" ಎಂದಳು.

ಮೋಟಾರನ್ನು ಮತ್ತೆ ಕೂರಿಸಿ, ಫ್ಯೂಸ್ ನೋಡಿದಳು, ಸರಿಯಿತ್ತು. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಕಾರಿನ ಕಬ್ಬಿಣಕ್ಕೆ ಸಿಕ್ಕಿಸಿ, ಇನ್ನೊಂದನ್ನು ಮೋಟಾರಿಗೆ ಹೋಗುವ ಕನೆಕ್ಟರಿಗೆ ತಾಗಿಸಿದಳು, ದೀಪ ಉರಿಯಿತು. ಕನೆಕ್ಟರಿನ ಎರಡು ಪಿನ್ನುಗಳ ನಡುವೆಯೇ ಇಟ್ಟಾಗ ಉರಿಯಲಿಲ್ಲ. ಹಾಗಾದರೆ ಕರೆಂಟು ಬರುತ್ತಿದೆ, ಕಬ್ಬಿಣಕ್ಕೆ ಸೇರಬೇಕಾದ ಅರ್ಥ್ ಇಲ್ಲ. ಅರ್ಥ್‌ನ ಕಪ್ಪು ವೈರನ್ನು ಹಿಡಿದುಕೊಂಡು ಹೋದರೆ, ಪಕ್ಕದಲ್ಲಿ ಉಳಿದಿದ್ದ ಮುಚ್ಚಳದ ಹಿಂದೆ ಅದು ಅನಾಥವಾಗಿ ನೇತಾಡುತ್ತಿತ್ತು. ಡಬ್ಬಿ ಬಿಚ್ಚುವಾಗ ಅರ್ಥ್‌ನ ಬೋಲ್ಟನ್ನೂ ಬಿಚ್ಚಿದ್ದ ಗುರು, ವೈರನ್ನು ಬಿಟ್ಟು ಬೋಲ್ಟನ್ನಷ್ಟೇ ತಿರುಗಿಸಿ ಕೂರಿಸಿದ್ದ.

ಕವನ ಜಗಲಿಯಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿ ಹೇಳಿದಳು: "ಅತ್ತೆ, ನಿಮ್ಮ ಮಗ ಮೋಟ್ರು ಕೂರ್ಸವ್ನೆ. ಕರೆಂಟು ವಾಪಸ್ ಓಗೋ ದಾರಿನೇ ಕಿತ್ತಾಕವ್ನೆ."

ಬೆಳಗಿನಿಂದ ಊಟವನ್ನೂ ಮಾಡದೆ ಬಿಸಿಲಲ್ಲಿ ಒದ್ದಾಡಿದ್ದಾನೆ ಎಂದು ಮಹದೇವಮ್ಮ ಗೊಣಗಿದಳು. ಊಟ ಮಾಡಿ ಮಲಗಿದ್ದರೆ ಕಾರಿಗೆ ಒಳ್ಳೆಯದಾಗುತ್ತಿತ್ತು ಎಂದಳು ಸೊಸೆ. ಗುರು ಕೆಂಪಗಾದ.

ವೈರು ಸೇರಿಸಿ ಬೋಲ್ಟು ಬಿಗಿದ ಮೇಲೆ ಮೋಟಾರು ತಿರುಗಿತು. ಆದರೆ ಗಾಳಿ ಬಂದಿದ್ದು ಅಂಗೈ ಅಡ್ಡ ಹಿಡಿದರಷ್ಟೇ ತಿಳಿಯುವಷ್ಟು. ಗುರು ಬಗ್ಗಿ ಕಿವಿಗೊಟ್ಟ.

"ಅತ್ಗೆ, ಇದು ಉಲ್ಟಾ ತಿರುಗ್ತಾ ಐತೆ. ಹೊಸ ಮೋಟ್ರಲ್ಲಿ ವೈರು ಅದ್ಲುಬದ್ಲು ಬಂದಿರ್ಬೇಕು."

"ಇದ್ನೂ ವಿಡಿಯೊದಲ್ಲೇ ನೋಡ್ದಾ?"

ಅವನು ಎದ್ದು ಒಳಗೆ ಹೋದ. ಕಾರ್ಖಾನೆಯಲ್ಲಿ ಯಾವ ಮೋಟಾರು ಜೋಡಿಸಿದರೂ ಅದು ಯಾವ ಕಡೆ ತಿರುಗುತ್ತದೆ ಎಂದು ಮೊದಲು ನೋಡುವವಳು ಕವನ. ಬೇರೆ ಯಾರು ಹೇಳಿದ್ದರೂ ಬಗ್ಗಿ ನೋಡುತ್ತಿದ್ದಳು. ಹೇಳಿದವನು ಗುರು. ಎಸಿಯ ಫಿಲ್ಟರ್ ತೆಗೆದು ಧೂಳು ಕೊಡವಿದಳು, ಏನೂ ಬದಲಾಗಲಿಲ್ಲ. ಅಗ್ಗದ ಮೋಟಾರು ತಂದರೆ ಇಷ್ಟೇ ಎಂದು ಡಬ್ಬಿ ಮುಚ್ಚಿಬಿಟ್ಟಳು.

ಮರುದಿನ ಅತ್ತೆ ಸೊಸೆ ಇಬ್ಬರೇ ಹೊರಟರು. ಹೊತ್ತೇರಿದಂತೆ ಕಾರು ಕಾದ ಬಾಣಲೆಯಾಯಿತು. ಕಿಟಕಿ ಇಳಿಸಿದರೆ ಇನ್ನೂ ಬಿಸಿಗಾಳಿ. ಮಹದೇವಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದವಳು, ನರಸೀಪುರ ಇನ್ನೇನು ಬಂತು ಎನ್ನುವಾಗ ಮಾತು ನಿಲ್ಲಿಸಿ ಬಾಗಿಲಿಗೆ ವಾಲಿದಳು. ಕವನ ಗಾಬರಿಯಿಂದ ರಸ್ತೆ ಬದಿಯ ಮರದ ನೆರಳಿಗೆ ಕಾರು ತಿರುಗಿಸಿ, ಅವಳ ಮುಖಕ್ಕೆ ನೀರು ಚಿಮುಕಿಸಿ, ಒಂದಿಷ್ಟು ಕುಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮುದುಕಿ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಅವ್ನು ಏಳಿದ್ನ ಒಂದ್ಸಲ ನೋಡಿದ್ರೆ ನಿಂದೇನ್ ಓಯ್ತಿತ್ತವ್ವ?"

ಕವನ ಡಿಕ್ಕಿಯಿಂದ ತನ್ನ ಟೂಲ್ ಚೀಲ ತಂದಳು. ಡಬ್ಬಿ ಬಿಚ್ಚಿ, ಫಿಲ್ಟರ್ ಎಳೆದು, ಆ ಸಂದಿಯಿಂದ ಟಾರ್ಚು ಬಿಟ್ಟಳು. ಬ್ಲೋವರ್ ಆರಿಸಿದಾಗ ನಿಧಾನವಾದ ಫ್ಯಾನು ಅದರ ಮೇಲೆ ಅಚ್ಚಾಗಿದ್ದ ಬಾಣಕ್ಕೆ ಎದುರು ದಿಕ್ಕಿನಲ್ಲಿ ತಿರುಗಿ ನಿಂತಿತು. ಅವಳು ಎರಡು ವೈರನ್ನೂ ಕತ್ತರಿಸಿ, ಅದಲುಬದಲು ಮಾಡಿ ಹೆಣೆದು ಟೇಪು ಸುತ್ತಿದಳು. ಗಾಳಿ ರಭಸದಿಂದ ಬಂತು. ಮಹದೇವಮ್ಮನ ನರೆಗೂದಲು ಹಾರತೊಡಗಿ, ಮುಖಕ್ಕೆ ನಿಧಾನವಾಗಿ ಕಳೆ ಬಂತು.

ಮನಸ್ಸು ಗಟ್ಟಿಮಾಡಿಕೊಂಡು ಕವನ ಅಲ್ಲಿಂದಲೇ ಫೋನು ಮಾಡಿದಳು. "ಗುರು, ಅತ್ತೆ ತಲೆ ಸುತ್ತಿ ಬಿದ್ಬುಟ್ಟಿದ್ರು. ಈಗ ಪರ್ವಾಗಿಲ್ಲ. ನೀನ್ ಏಳಿದ್ದೇ ಸರಿ, ಮೋಟ್ರು ಉಲ್ಟಾನೇ ತಿರುಗ್ತಿತ್ತು."

ಅವನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಶಬ್ದ ಕೇಳಿದ ಕೂಡಲೇ ತನಗೆ ಗೊತ್ತಾಯಿತು ಎಂದ. ಅವಳು ಅಡ್ಡ ಬರದಿದ್ದರೆ ಆ ಅರ್ಥ್ ವೈರಿನ ದೋಷವನ್ನೂ ತಾನೇ ಪತ್ತೆಹಚ್ಚುತ್ತಿದ್ದೆ ಎಂದ. ಇನ್ನು ಮುಂದೆ ಯಾವುದನ್ನು ಮುಟ್ಟುವ ಮೊದಲೂ ತನ್ನನ್ನು ಒಂದು ಮಾತು ಕೇಳಬೇಕೆಂದ. ಅವ್ವ ಹೇಗಿದ್ದಾಳೆ ಎಂದು ಮಾತ್ರ ಕೇಳಲಿಲ್ಲ. ನಿನ್ನೆ ಅವನನ್ನು ಅಷ್ಟು ಹಂಗಿಸಬಾರದಿತ್ತು ಎಂದು ಆಗಷ್ಟೇ ಅನಿಸಿದ್ದ ಕವನಳಿಗೆ ಆ ಅನಿಸಿಕೆ ಅಲ್ಲೇ ಇಂಗಿತು. ಅವನು ಮಾತಾಡುತ್ತಿರುವಾಗಲೇ ಫೋನಿಟ್ಟಳು.

ಗುರು ಏನಂದ ಎಂದು ಮಹದೇವಮ್ಮ ಕೇಳಿದಳು.

"ನಿಮ್ಮನ್ನ ಉಷಾರಾಗಿ ಕರ್ಕೊಂಡೋಗು ಅಂದ."

ಮುದುಕಿ ಹಿಗ್ಗಿದಳು. ನಾಮಕರಣದ ಮನೆಯಲ್ಲಿ, ಕಾರು ಸರಿಮಾಡಿದ್ದು ತನ್ನ ಮಗ ಎಂದು ಪಂಕ್ತಿಯಲ್ಲಿ ಕೂತವರಿಗೆಲ್ಲ ಹೇಳಿದಳು. ಪಾಯಸ ಬಡಿಸುತ್ತಿದ್ದ ಕವನ ಕೇಳಿಸಿಕೊಂಡು ಮುಂದಿನ ಎಲೆಗೆ ಹೋದಳು. ಸಂಜೆ ಚಲುವಮ್ಮ ಹತ್ತಿರ ಬಂದು, ತಮ್ಮ ಮನೆಯ ಫ್ರಿಜ್ಜು ಸರಿಯಾಗಿ ತಣ್ಣಗಾಗುತ್ತಿಲ್ಲ, ಗುರುವನ್ನು ಕರೆಸಿದರೆ ಹೇಗೆ ಎಂದು ವಿಚಾರಿಸಿದಳು. ಕವನ ಅವನ ನಂಬರು ಕೊಟ್ಟಳು.