ರುಚಿ ನೋಡುವ ಕೆಲಸ

ನನ್ನ ತೂಕದ ಬಗ್ಗೆ ಅಭಿಪ್ರಾಯ ಇಲ್ಲದವರು ನಮ್ಮ ಬೀದಿಯಲ್ಲಿ ಯಾರೂ ಉಳಿದಿಲ್ಲ. ಹಾಲಿನವನು ಹೇಳಿ ಆಯಿತು, ಚಪ್ಪಲಿ ಹೊಲಿಯುವವನು ಹೇಳಿ ಆಯಿತು, ಹಲ್ಲಿಲ್ಲದ ಪಕ್ಕದ ಮನೆ ಅಜ್ಜಿಯೂ ಅಗಿಯುವುದು ಹೇಗೆಂದು ನನಗೆ ಪಾಠ ಮಾಡಿದ್ದಾಯಿತು.

ವಿಷಯ ಸಣ್ಣದಲ್ಲ, ಅದು ನನಗೂ ಗೊತ್ತು. ನನ್ನ ತಮ್ಮನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಾನೆ. ನನ್ನದೊಂದು ಕಿಡ್ನಿ ಅವನಿಗೆ ಹೊಂದುತ್ತದೆ ಎಂದು ಪರೀಕ್ಷೆಗಳೆಲ್ಲ ಹೇಳಿದವು. ಕೊಡುತ್ತೇನೆ ಎಂದೆ. ಆಗ ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ಮೈಯಲ್ಲಿ ಆಪರೇಷನ್ ಮಾಡೋಕಾಗಲ್ಲಮ್ಮ. ಎಂಟು ಕಿಲೋ ಇಳಿಸ್ಕೊಂಡು ಬನ್ನಿ, ಆಮೇಲೆ ದಿನ ಗೊತ್ತು ಮಾಡೋಣ" ಎಂದರು. ತಮ್ಮನಿಗೆ ಚಿಕ್ಕಂದಿನಿಂದ ಗುಂಡ ಎಂದೇ ಹೆಸರು. ಈಗ ಅವನು ಒಣಗಿ ಕಡ್ಡಿಯಾಗಿದ್ದಾನೆ, ಗುಂಡಗಿರುವುದು ನಾನು. ಹೆಸರು ಮಾತ್ರ ಅವನ ಹತ್ತಿರವೇ ಇದೆ.

ಇಳಿಸುವುದು ಹೇಗೆ ಎನ್ನುವಲ್ಲಿಂದ ರಾಮಾಯಣ ಶುರುವಾಯಿತು.

ಕೆಳಗೆ ನಮ್ಮ ಬೇಕರಿ, ಮೇಲೆ ಎರಡು ಮನೆ, ನಡುವೆ ಒಂದು ಗೋಡೆ. ಗೋಡೆಯ ಈ ಕಡೆ ನನ್ನ ಗಂಡ, ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಅವರ ಪ್ರಕಾರ ನೆಗಡಿಯಿಂದ ಹಿಡಿದು ಮನಸ್ಸಿನ ಬೇಸರದವರೆಗೆ ಎಲ್ಲಕ್ಕೂ ಮೈದಾನ ಸುತ್ತುವುದೇ ಮದ್ದು. ಆ ಕಡೆ ಗುಂಡನ ಹೆಂಡತಿ, ನನ್ನ ನಾದಿನಿ. ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವವಳು. ಬಾಯಿಗೆ ಬೀಗ ಹಾಕದೆ ಕಾಲಿಗೆ ಶೂ ಹಾಕಿ ಏನು ಪ್ರಯೋಜನ ಎನ್ನುವುದು ಅವಳ ವಾದ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. 'ಮಾತು ಬಲ್ಲವನಿಗೆ ಜಗಳವಿಲ್ಲ' ಎನ್ನುವ ಉಳಿದರ್ಧ ಮಾತ್ರ ನಮ್ಮ ಮನೆಯವರೆಗೆ ಇನ್ನೂ ಬಂದು ತಲುಪಿಲ್ಲ.

ಬೆಳಿಗ್ಗೆ ಎದ್ದರೆ ಗಂಡ ಬಾಯಲ್ಲಿ ಸೀಟಿ ಇಟ್ಟುಕೊಂಡು ನನ್ನನ್ನು ಶಾಲೆಯ ಮೈದಾನದಲ್ಲಿ ಓಡಿಸುತ್ತಾರೆ. ಆರನೇ ಕ್ಲಾಸಿನ ಮಕ್ಕಳು ಬೇಗ ಬಂದು ಕಟ್ಟೆಯ ಮೇಲೆ ಕೂತು ನೋಡುತ್ತವೆ. ಮನೆಗೆ ಬಂದ ಮೇಲೆ ಅವರೇ ಎರಡು ಮೊಟ್ಟೆ ಬೇಯಿಸಿ ತಟ್ಟೆಗೆ ಹಾಕುತ್ತಾರೆ. ನಾನು ಕೈ ಹಾಕುವಷ್ಟರಲ್ಲಿ ನಾದಿನಿ ಬಂದು ತಟ್ಟೆ ಎತ್ತಿಕೊಂಡು, ಅದರ ಜಾಗದಲ್ಲಿ ಸೌತೆಕಾಯಿ ಇಡುತ್ತಾಳೆ.

"ಅಣ್ಣ, ನೀವು ಓಡಿಸೋದಕ್ಕೇ ಅತ್ತಿಗೆಗೆ ಹಸಿವಾಗೋದು. ಹಸಿವಾದ್ರೆ ತಿಂತಾರೆ. ಸುಮ್ನೆ ಕೂತಿದ್ರೆ ಅರ್ಧ ಹೊಟ್ಟೆ ಸಾಕು."

"ನೋಡಮ್ಮ, ಸುಮ್ನೆ ಕೂತೇ ಈ ಗತಿ ಬಂದಿರೋದು. ತಿನ್ನದೆ ಓಡು ಅಂದ್ರೆ ಓಡ್ತಾಳಾ? ಬಿದ್ದುಬಿಡ್ತಾಳೆ."

"ಬಿದ್ರೆ ನಮ್ಮ ಅಂಗಡಿಯಲ್ಲಿ ಗ್ಲೂಕೋಸ್ ಇದೆ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಇವರಲ್ಲಿ ಎತ್ತು ಯಾರು ಕೋಣ ಯಾರು ಎಂದು ನಾನು ಹೇಳುವುದಿಲ್ಲ, ಇಬ್ಬರ ಜೊತೆಯೂ ಬಾಳಬೇಕಲ್ಲ. ಒಬ್ಬರ ಮಾತಿನಂತೆ ಸುಸ್ತಾಗಿ, ಇನ್ನೊಬ್ಬರ ಮಾತಿನಂತೆ ಹಸಿದು, ಇಬ್ಬರ ಮಾತಿನಂತೆ ಸೋಮಾರಿ ಎನಿಸಿಕೊಂಡು ನನಗೆ ತಲೆ ಚಿಟ್ಟು ಹಿಡಿದಿತ್ತು.

ಭಾನುವಾರ ಬಂದರೆ ಮರ್ಯಾದೆ ಹರಾಜು. ಮೈದಾಹಿಟ್ಟಿನ ಮೂಟೆ ತೂಗುವ ದೊಡ್ಡ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸುತ್ತಿದ್ದರು. ಮುಳ್ಳು ಒಂದು ವಾರ ಕೂದಲೆಳೆಯಷ್ಟು ಇಳಿಯುತ್ತಿತ್ತು, ಮುಂದಿನ ವಾರ ಮತ್ತೆ ಹಳೇ ಜಾಗಕ್ಕೆ ಬಂದು ಕೂರುತ್ತಿತ್ತು. "ಊಟದ ತಪ್ಪು" ಎಂದು ಇವರು, "ಓಟದ ತಪ್ಪು" ಎಂದು ಅವಳು. ಗುಂಡ ಮಾತ್ರ ಒಲೆಯ ಪಕ್ಕದ ಸ್ಟೂಲಿನ ಮೇಲೆ, ಊದಿದ ಪಾದಗಳನ್ನು ಹಲಗೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಒಡಹುಟ್ಟಿದವನಿಗಾಗಿ ಒಂದಿಷ್ಟು ಕೊಬ್ಬು ಕರಗಿಸಲಾಗದವಳು ಎಂದು ನನ್ನ ಮೇಲೆ ನನಗೇ ಅಸಹ್ಯ.

ಕಳೆದ ಬುಧವಾರ ಗುಂಡನನ್ನು ಬೇಕರಿಯಲ್ಲೇ ಬಿಟ್ಟು ನಾವು ಮೂವರು ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಈ ಸಲ ಕನ್ನಡಕ ತೆಗೆದಿಟ್ಟರು. "ಇನ್ನು ತಳ್ಳೋ ಹಾಗಿಲ್ಲ. ನಿಮ್ಮ ತಮ್ಮನ ಹೃದಯಕ್ಕೆ ಪೆಟ್ಟು ಬೀಳ್ತಾ ಇದೆ. ನಿಜ ಹೇಳಿ, ಹೊರಗಡೆ ಏನು ತಿಂತೀರಿ?"

"ಏನೂ ಇಲ್ಲ" ಎಂದೆ.

ನನ್ನ ಗಂಡ ಮತ್ತು ನಾದಿನಿ ಅಷ್ಟು ದಿನಗಳಲ್ಲಿ ಮೊದಲ ಸಲ ಒಂದೇ ದನಿಯಲ್ಲಿ ಮಾತಾಡಿದರು. "ಇಲ್ಲ ಡಾಕ್ಟರೇ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದೀವಿ."

ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಬೇಕರಿಯವರ ಮನೆಯಲ್ಲಿ ರುಚಿ ನೋಡುವುದು ತಿಂದ ಲೆಕ್ಕಕ್ಕೆ ಬರುವುದಿಲ್ಲ. ಒಲೆಯಿಂದ ಇಳಿದ ಪ್ರತಿಯೊಂದು ಟ್ರೇಯಿಂದ ಮೊದಲ ತುಂಡನ್ನು ಮನೆಯವರೊಬ್ಬರು ಬಾಯಿಗೆ ಹಾಕಿ, ಆಯಿತು ಎಂದ ಮೇಲೆಯೇ ಉಳಿದದ್ದು ಅಂಗಡಿಯ ಮುಂದಿನ ಕಪಾಟಿಗೆ ಹೋಗಬೇಕು. ನಮ್ಮಪ್ಪ ಹೀಗೆ ಬನ್ನು, ಬ್ರೆಡ್ಡು, ಬಿಸ್ಕತ್ತು ಎಲ್ಲವನ್ನೂ ನೋಡಿ ಮುಗಿಸಿ, ಮಧ್ಯಾಹ್ನ ತಟ್ಟೆಯ ಮುಂದೆ ಕೂತು, "ಬೆಳಿಗ್ಗೆಯಿಂದ ಒಂದು ತುತ್ತೂ ಬಾಯಿಗೆ ಹೋಗಿಲ್ಲ" ಎನ್ನುತ್ತಿದ್ದರು. ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಅಪ್ಪನ ನಂತರ ಆ ಕೆಲಸ ಗುಂಡನದಾಯಿತು. ಅವನಿಗೆ ಉಪ್ಪು, ಬೆಣ್ಣೆ ಎಲ್ಲ ನಿಂತ ಮೇಲೆ ನನ್ನ ಪಾಲಿಗೆ ಬಂತು. ತಟ್ಟೆಯನ್ನು ಕಾವಲು ಕಾದ ಮೇಷ್ಟ್ರಿಗಾಗಲಿ, ಮಾತ್ರೆಯವಳಿಗಾಗಲಿ, ಬಾಯಿ ನಡೆಸುತ್ತಿದ್ದ ನನಗಾಗಲಿ ಇದು ತಿನ್ನುವುದು ಎಂದು ಹೊಳೆದಿರಲಿಲ್ಲ.

ಆಸ್ಪತ್ರೆಯಿಂದ ಬಂದವಳೇ ಸಂಜೆಯ ಬನ್ನಿಗೆ ಹಿಟ್ಟು ಕಲೆಸಲು ಹೋದೆ. ಬೆಣ್ಣೆಯ ಡಬ್ಬ ಬರಿದಾಗಿತ್ತು. ವಾರವಿಡೀ ಬರಬೇಕಾದದ್ದು, ಬುಧವಾರಕ್ಕೇ ತಳ ಕಂಡಿತ್ತು. ಕೇಳೋಣವೆಂದು ಒಲೆಯ ಕಡೆ ತಿರುಗಿದರೆ ಗುಂಡ ಒಂದು ಟ್ರೇಯ ಬಟ್ಟೆ ಸರಿಸಿ ಕೇಕಿನ ದಪ್ಪ ತುಂಡು ಮುರಿದು ಚಾಚಿದ.

"ಅಕ್ಕ, ಇದೊಂದು ನೋಡು. ಸಕ್ಕರೆ ಸರಿ ಇದೆಯಾ?"

ಅಭ್ಯಾಸಬಲ, ಬಾಯಿ ತೆರೆದೆ. ಅಗಿಯುತ್ತಾ, "ಯಾರ ಆರ್ಡರ್ ಇದು?" ಎಂದೆ.

ಅವನು ಟ್ರೇಯ ಮೇಲೆ ಮತ್ತೆ ಬಟ್ಟೆ ಎಳೆದ. ನನ್ನ ದವಡೆ ಅಲ್ಲೇ ನಿಂತಿತು. ನಿನ್ನೆ, ಹೊಸ ಅಳತೆ ಎಂದು ಕೊಟ್ಟಿದ್ದ. ಮೊನ್ನೆ, ಒಲೆ ಒಂದು ಕಡೆ ಸೀಯುತ್ತಿದೆ ಎಂದು ಕೊಟ್ಟಿದ್ದ. ಅದರಲ್ಲಿ ಒಂದೂ ಮುಂದಿನ ಕಪಾಟಿನಲ್ಲಿ ಕಂಡ ನೆನಪಿಲ್ಲ.

"ಗುಂಡ, ಇದನ್ನ ನಂಗೋಸ್ಕರನೇ ಮಾಡ್ತಿದೀಯಾ?"

"ನಿನ್ನ ಕಿಡ್ನಿ ಬೇಡ ಅಂತ ನಾನಂದ್ರೆ ನೀನು ಕೇಳ್ತಿದ್ಯಾ?" ನೆಲ ನೋಡುತ್ತಾ ಹೇಳಿದ. "ಡಾಕ್ಟರು ಬೇಡ ಅಂದ್ರೆ ಕೇಳ್ತೀಯ. ತೂಕ ಇಳೀದೇ ಇದ್ರೆ ಅವರೇ ಬೇಡ ಅಂತಾರೆ. ನಿನ್ನನ್ನ ಕೊಯ್ಸಿ, ನಿಂಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಭಾವನ ಮುಖ ಹೇಗೆ ನೋಡ್ಲಿ?"

ಹೊರಗೆ ಗಲ್ಲಾದ ಹತ್ತಿರ ನನ್ನ ಗಂಡನೂ ನಾದಿನಿಯೂ ಮತ್ತೆ ಶುರು ಹಚ್ಚಿಕೊಂಡಿದ್ದರು. ಸಂಜೆಯೂ ಓಡಿಸಬೇಕು ಎಂದು ಇವರು, ರಾತ್ರಿಯ ಊಟ ಪೂರ್ತಿ ನಿಲ್ಲಿಸಬೇಕು ಎಂದು ಅವಳು. ನನಗೆ ಗುಂಡನ ಕೆನ್ನೆಗೆ ಎರಡು ಬಾರಿಸಬೇಕೆನಿಸಿತು. ಒಂದೇಟನ್ನೂ ತಡೆಯುವ ಮೈ ಅಲ್ಲ ಅದು. ಮೈದಾನದಲ್ಲಿ ಏದುಸಿರು ಬಿಟ್ಟದ್ದು, ಸೌತೆಕಾಯಿ ಅಗಿದದ್ದು, ಬೀದಿಯವರ ಬಾಯಿಗೆ ಬಿದ್ದದ್ದು, ಎಲ್ಲವನ್ನೂ ಇವನು ಬೆಣ್ಣೆ ಹಚ್ಚಿ ಮಣ್ಣುಪಾಲು ಮಾಡಿದ್ದ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಅವನ ಮೇಲೆ ಅಷ್ಟು ಪ್ರೀತಿಯೂ ಬಂದಿರಲಿಲ್ಲ, ಅದು ಇನ್ನಷ್ಟು ಸಿಟ್ಟು ತರಿಸಿತು.

"ಹೊರಗೆ ಒಬ್ಬಳು ಕಿರುಚ್ತಾ ಇದಾಳಲ್ಲ, ನೀನು ಉಳೀಲಿ ಅಂತ ನನ್ನ ಪ್ರಾಣ ಹಿಂಡ್ತಾ ಇರೋಳು, ಅವಳಿಗೆ ಹೇಳಿದೀಯಾ ನೀನು ಹೋಗೋಕೆ ತಯಾರಾಗಿದೀಯ ಅಂತ?"

"ನಂಗೆ ಬದುಕೋಕೆ ಆಸೆ ಇಲ್ಲ ಅಂದ್ಕೊಂಡ್ಯಾ ಅಕ್ಕ?" ಎಂದ. "ತುಂಬ ಆಸೆ. ನಿನ್ನನ್ನ ಕೊಯ್ಸಿಯಾದ್ರೂ ಬದುಕೋಣ ಅನ್ಸುತ್ತೆ, ಅದಕ್ಕೇ ಭಯ."

ಮೇಜಿನ ಮೇಲೆ ಹಿಟ್ಟು ಅಳೆಯುವ ಬಟ್ಟಲಿತ್ತು. ಅದನ್ನು ಅವನ ಕೈಗೆ ಕೊಟ್ಟೆ. ಬಾಯಲ್ಲಿದ್ದ ಕೇಕನ್ನು ಅದಕ್ಕೆ ಉಗಿದೆ. ಒಲೆಯಿಂದ ಬಂದದ್ದನ್ನು ಉಗಿಯುವುದು ನಮ್ಮಲ್ಲಿ ಮಹಾಪಾಪ, ಅಪ್ಪ ಇದ್ದಿದ್ದರೆ ನನ್ನನ್ನು ಮನೆಯಿಂದಲೇ ಆಚೆ ಹಾಕುತ್ತಿದ್ದರು. ಗುಂಡನ ಮುಖ ಬಿಳಿಚಿಕೊಂಡಿತು.

"ಇನ್ಮೇಲೆ ನಾನು ರುಚಿ ನೋಡಿ ಇದಕ್ಕೆ ಉಗೀತೀನಿ. ಪ್ರತಿ ಟ್ರೇಗೂ ನೀನೇ ಹಿಡ್ಕೊಂಡು ನಿಂತ್ಕೋಬೇಕು" ಎಂದೆ.

ಸಂಜೆಗೆ ಮಾಡಿಟ್ಟಿದ್ದ ಬ್ರೆಡ್ಡಿನ ಟ್ರೇಯಿಂದ ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡೆ. ಬಿಸಿಯಾಗಿತ್ತು, ಮೃದುವಾಗಿತ್ತು. ಬೆಳಿಗ್ಗೆಯಿಂದ ಹಸಿದ ಹೊಟ್ಟೆ ನುಂಗು ನುಂಗು ಎನ್ನುತ್ತಿತ್ತು, ನಾನು ಅವನ ಮುಖವನ್ನೇ ನೋಡುತ್ತಾ ಅಗಿಯುತ್ತಿದ್ದೆ. ಗುಂಡ ಗೋಡೆ ಹಿಡಿದು ಸ್ಟೂಲಿನಿಂದ ಎದ್ದು ನಿಂತ. ಬಟ್ಟಲನ್ನು ಅವನೇ ಎತ್ತಿ ನನ್ನ ಗಲ್ಲದ ಕೆಳಗೆ ಹಿಡಿದು, "ಉಗಿ ಅಕ್ಕ" ಎಂದ.